ಕಾಕಾನಿಗೆ ಅಂಟಿದ ಪರಮವೀರ ಚಕ್ರ

ನಮ್ಮ ಕಡೆ ಫ್ಲೆಕ್ಸಿನಲ್ಲಿ ಬಿರುದಿಲ್ಲದೆ ಯಾರೂ ನಿಲ್ಲುವುದಿಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಸೋತವನೂ ಅಲ್ಲಿ ‘ಯುವಕರ ಕಣ್ಮಣಿ’, ಯಾರಿಗೂ ಒಂದು ಕಪ್ ಚಹಾ ಕುಡಿಸದವನೂ ‘ಬಡವರ ಬಂಧು’. ಹಾಗಾಗಿ ನಮ್ಮ ಕಾಕಾ ಸೈನ್ಯದಿಂದ ನಿವೃತ್ತನಾಗಿ ಬಂದ ದಿನ, ಯಲಬುರ್ಗಾ ಬಸ್ ಸ್ಟ್ಯಾಂಡಿನ ಎದುರಿನ ಫ್ಲೆಕ್ಸಿನಲ್ಲಿ ಅವನ ಫೋಟೋದ ಕೆಳಗೆ ‘ಪರಮವೀರ ಚಕ್ರ ವಿಜೇತ’ ಎಂದು ಬರೆದಿದ್ದುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ನನಗೆ ಕಂಡಿತು. ಕೊಪ್ಪಳದ ಕಾಲೇಜಿನಲ್ಲಿ ಓದಿದಷ್ಟೂ ಕಾಲ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿ ಇಳಿದವಳು ನಾನು. ಆಧಾರವಿಲ್ಲದ ಮಾತು ಕಂಡರೆ ಸುಮ್ಮನಿರಲು ಬರುವುದಿಲ್ಲ.

ಫ್ಲೆಕ್ಸ್ ಮಾಡಿಸಿದವನು ನಮ್ಮೂರಿನ ಚಹಾದ ಹೋಟೆಲ್ಲಿನ ಮಾಮಾ, ಕಾಕಾನ ಬಾಲ್ಯದ ಗೆಳೆಯ. ಅವನನ್ನೇ ಕೇಳಿದೆ.

“ಮಾಮಾ, ಕಾಕಾಗ ಪರಮವೀರ ಚಕ್ರ ಬಂದೈತಿ ಅಂತ ನಿಮಗ ಹೇಳಿದವ್ರು ಯಾರು?”

“ಹೇಳೂದೇನೈತಿ? ಫ್ಲೆಕ್ಸ್ ಅಂಗಡ್ಯಾಂವ, ಮಿಲಿಟ್ರಿಯವ್ರಿಗೆ ಏನ್ ಹಾಕೂದ್ರಿ ಅಂದ. ಇರೂದ್ರಾಗ ದೊಡ್ಡದು ಹಾಕಪಾ ಅಂದೆ. ನನ್ನ ದೋಸ್ತಗ ಸಣ್ಣದು ಹಾಕ್ಸ್ಲೇನು?”

ಅದು ದೇಶ ಕೊಡುವ ಅತ್ಯುನ್ನತ ಶೌರ್ಯ ಪದಕ, ವೈರಿಯ ಎದುರು ನಿಂತು ಪ್ರಾಣದ ಹಂಗು ತೊರೆದವರಿಗೆ ಸಿಗುವಂಥದ್ದು, ಪಡೆದವರಲ್ಲಿ ಹೆಚ್ಚಿನವರು ಅದನ್ನು ನೋಡಲು ಬದುಕಿರಲಿಲ್ಲ ಎಂದೆಲ್ಲ ಹೇಳಿದೆ. ಅಷ್ಟರಲ್ಲಿ ಡಿಜೆ ಶುರುವಾಯಿತು. ತೆರೆದ ಜೀಪಿನಲ್ಲಿ ಕಾಕಾ ಕಿವಿಯವರೆಗೂ ಚೆಂಡುಹೂವಿನ ಹಾರ ಹೊತ್ತು ನಿಂತಿದ್ದ. ಫ್ಲೆಕ್ಸ್ ದಾಟುವಾಗ ಅವನು ತಲೆ ಎತ್ತಿ ಓದಿದ್ದನ್ನು ನೋಡಿದೆ. ಏನೋ ಹೇಳಲು ಬಾಯಿ ತೆರೆದ. ಯಾರೋ ಪೇಡೆ ಇಟ್ಟರು.

ಕಾಕಾ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ಹಿಮದ ದಾರಿಯಲ್ಲಿ ಗಡಿಯ ಠಾಣೆಗಳಿಗೆ ಸೀಮೆಎಣ್ಣೆ, ಹಿಟ್ಟು, ಆಲೂಗಡ್ಡೆ ಮುಟ್ಟಿಸುವುದು ಅವನ ಕೆಲಸ. ಅವನ ಎದೆಯ ಮೇಲಿದ್ದವು ದೀರ್ಘಕಾಲ ಸೇವೆ ಸಲ್ಲಿಸಿದ್ದಕ್ಕೆ, ಎತ್ತರದ ಚಳಿಯಲ್ಲಿ ಇದ್ದುದಕ್ಕೆ ಕೊಡುವ ಪದಕಗಳು. ಅವನೇನೂ ಅವುಗಳ ಬಗ್ಗೆ ನಾಚಿಕೊಂಡವನಲ್ಲ. ರಜೆಗೆ ಬಂದಾಗ ಹೋಟೆಲ್ಲಿನ ಬೆಂಚಿನ ಮೇಲೆ ಅವನನ್ನು “ಬರ್ರಿ ಆಲೂಗಡ್ಡಿ ಸಾಹೇಬ್ರ” ಎಂದು ಕಾಡಿಸುತ್ತಿದ್ದರು. “ಆಲೂಗಡ್ಡಿ ಇಲ್ಲದ ಯಾವ ಯುದ್ಧಾನೂ ಆಗಂಗಿಲ್ಲಲೇ” ಎಂದು ಇವನು ತಿರುಗಿ ಅನ್ನುತ್ತಿದ್ದ. ಅವನ ಹೆಂಡತಿ, ನಮ್ಮ ಚಿಗವ್ವ, ತೀರಿಕೊಂಡ ಮೇಲೆ ಮಕ್ಕಳಿಲ್ಲದ ಅವನಿಗೆ ಊರು ಎಂದರೆ ಆ ಬೆಂಚೇ ಆಗಿತ್ತು.

ಮೆರವಣಿಗೆಯಾದ ಮೇಲೆ ಆ ಬೆಂಚು ಅವನಿಗೆ ಸಿಗಲಿಲ್ಲ. ಅವನು ಹೋದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಬರುತ್ತಿತ್ತು. ಕೆಲವೇ ದಿನಗಳಲ್ಲಿ ಅವನು ಹೋಗುವುದನ್ನೇ ಬಿಟ್ಟ. ಸಂಜೆ ನಾನು ಅವನ ಮನೆಗೆ ಹೋದರೆ ಟಿವಿ ಹಚ್ಚಿಟ್ಟು, ಅದಕ್ಕೆ ಬೆನ್ನು ಹಾಕಿ ಕೂತಿರುತ್ತಿದ್ದ.

“ನಾ ಏನಂದ್ರೂ ಹೌದ್ರಿ ಅಂತಾರವಾ,” ಎಂದ ಒಂದು ದಿನ. “ಮಳಿ ಬರಂಗಿಲ್ಲ ಅಂದ್ರ ಹೌದ್ರಿ. ಬರ್ತೈತಿ ಅಂದ್ರ ಹೌದ್ರಿ. ಅಷ್ಟು ವರ್ಷ ಸಾಹೇಬ್ರಿಗೆ ನಾ ಅಂದದ್ದು ಸಾಲ್ದನು? ಯಾರ ಕೂಡ ಮಾತಾಡ್ಲಿ ನಾ?”

“ಅದು ನಂದಲ್ಲ ಅಂತ ಹೇಳಬಾರ್ದನು?”

“ಹೇಳೀನಿ. ನಗ್ತಾರ.” ಎದ್ದು ಟಿವಿ ಆರಿಸಿ, “ನೀ ವಾದ ಮಾಡಾಕಿ ಅದೀ. ಝೆಂಡಾ ಹಾರ್ಸಾಕ ಸಾಲಿಗೆ ಕರದಾರ. ಅಲ್ಲಿ ಊರೆಲ್ಲಾ ಇರ್ತೈತಿ. ಹೇಳಿ ಇದನ್ನ ನನ್ನ ಮ್ಯಾಲಿಂದ ತೆಗದ್ಬಿಡು” ಎಂದ.

ಇಷ್ಟು ಸುಲಭದ ವಿಷಯ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಸತ್ಯ ನಮ್ಮ ಕಡೆಗಿತ್ತು, ಎದುರಾಳಿ ಇರಲಿಲ್ಲ, ಯಾರ ಬಗ್ಗೆ ಮಾತಾಡಬೇಕೋ ಅವನೇ ಸಾಕ್ಷಿ.

ಸ್ವಾತಂತ್ರ್ಯ ದಿನ ಧ್ವಜ ಹಾರಿದ ಮೇಲೆ ಮೈಕ್ ಹಿಡಿದೆ. ಪರಮವೀರ ಚಕ್ರ ಎಂದರೇನು, ಅದನ್ನು ಯಾರು ಯಾರಿಗೆ ಕೊಡುತ್ತಾರೆ, ಕೊಟ್ಟರೆ ಇಡೀ ದೇಶಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಬಿಡಿಸಿ ಹೇಳಿದೆ. ಕಾಕಾನ ಪದಕಗಳನ್ನು ಒಂದೊಂದಾಗಿ ತೋರಿಸಿ, ಯಾವುದು ಏತಕ್ಕೆ ಎಂದೂ ಹೇಳಿದೆ. ಸಣ್ಣ ಮಕ್ಕಳು ಕೂಡ ಗದ್ದಲ ಮಾಡಲಿಲ್ಲ.

ಹೋಟೆಲ್ ಮಾಮಾ ಎದ್ದು ನಿಂತ. “ಹಂಗಾದ್ರ ನಾವು ಮೆರವಣಿಗಿ ಮಾಡಿದ್ದು ಯಾರನ್ನವಾ?”

“ಲಾರಿ ಓಡ್ಸಿದಾವನ್ನ, ಮಾಮಾ. ಆ ಲಾರಿ ಹೋಗ್ಲಿಲ್ಲಂದ್ರ ಮ್ಯಾಲಿದ್ದವ್ರು ಉಪವಾಸ ಇರ್ತಿದ್ರು.”

ಗೆದ್ದೆ ಅಂದುಕೊಂಡೆ. ಮಾಮಾ ಜನರ ಕಡೆ ತಿರುಗಿದ. ಅವನ ಕಣ್ಣು ತುಂಬಿತ್ತು.

“ನೋಡ್ರಿಪಾ, ಎಂಥಾ ಮನಿಷ್ಯಾ! ದೊಡ್ಡಸ್ತಿಕಿ ಬ್ಯಾಡಂತ, ಇದ್ದದ್ದನ್ನ ಇಲ್ಲ ಅನ್ನಾಕ ಮನಿ ಹುಡುಗಿ ಕೈಲೆ ಭಾಷಣ ಮಾಡ್ಸ್ಯಾನ. ಮಿಲಿಟ್ರಿ ಮಂದಿ ಹಿಂಗ. ಕೊಂದ್ರೂ ಬಾಯಿ ಬಿಡಂಗಿಲ್ಲ!”

ಚಪ್ಪಾಳೆ ಬಿತ್ತು. ಕಾಕಾ ತಟ್ಟನೆ ಎದ್ದು ನನ್ನ ಕೈಯಿಂದ ಮೈಕ್ ಕಸಿದುಕೊಂಡ. “ಖರೇನ ಹೇಳ್ತೀನ್ರಿ, ನನಗ ಅದನ್ನ ಕೊಟ್ಟಿಲ್ಲ!” ಎಂದು ಬೇಡಿಕೊಳ್ಳುವವನಂತೆ ಕೂಗಿದ. ಚಪ್ಪಾಳೆ ಎರಡು ಪಟ್ಟಾಯಿತು. ಇಂಥ ನಿರಹಂಕಾರ ಮಕ್ಕಳಿಗೆ ಮಾದರಿಯಾಗಲಿ ಎಂದು ಮುಖ್ಯ ಗುರುಗಳು ಶಾಲು ಹೊದಿಸಿದರು. ಶಾಲಿನೊಳಗೆ ಅವನು ಚಿಕ್ಕವನಾಗಿ ಕಂಡ.

ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಜನ ಸರಿದು ದಾರಿ ಬಿಟ್ಟರು. “ಸೋತಿ ನೋಡು,” ಎಂದ ಕಾಕಾ.

“ನಾ ಸೋತಿಲ್ಲ. ತೀರ್ಪು ತಪ್ಪೈತಿ.”

“ಹೌದವಾ,” ಎಂದ. ಅವನ ಬಾಯಲ್ಲಿ ಆ ‘ಹೌದು’ ನನಗೆ ಹಿತವಾಗಲಿಲ್ಲ. ನನ್ನ ಯಾವ ಮಾತನ್ನೂ ಅವನು ಅಷ್ಟು ಬೇಗ ಒಪ್ಪಿದವನಲ್ಲ.

ದೀಪಾವಳಿಗೆ ಮೊದಲೇ ಅವನು ಗಂಗಾವತಿಗೆ ಹೋಗಿ ಒಂದು ಅಕ್ಕಿ ಗಿರಣಿಯ ಲಾರಿಗೆ ಡ್ರೈವರ್ ಆದ. ಪಿಂಚಣಿ ಬರುವವನಿಗೆ ಇದೇನು ಹುಚ್ಚು ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ನಾನು ಕೇಳಲಿಲ್ಲ. ಗಿರಣಿಯಲ್ಲಿ ತಾನು ಸೈನ್ಯದಲ್ಲಿದ್ದುದನ್ನೇ ಅವನು ಹೇಳಿಲ್ಲ.

ಮೊನ್ನೆ ಫೋನ್ ಮಾಡಿದ್ದ. ದನಿಯಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಉಮೇದು.

“ಇವತ್ತ ಲಾರಿ ಹಿಂದ ತಗೊಳ್ಳೂವಾಗ ಗೋಡಿಗೆ ತಾಗಿಸಿದ್ನೆವಾ. ಇಲ್ಲಿ ಹಮಾಲ ಒಬ್ಬ ಅದಾನ, ಏನ್ ಬೈದಾ ಅಂತಿ! ನಿನಗ ಸ್ಟೇರಿಂಗ್ ಯಾವ ಮುಠ್ಠಾಳ ಕೊಟ್ಟಾನಲೇ ಅಂದ. ನಾನೂ ಬಿಡ್ಲಿಲ್ಲ. ಆಮ್ಯಾಲ ಇಬ್ರೂ ಕೂತು ಮಿರ್ಚಿ ತಿಂದ್ವಿ.”

“ಊರಿಗೆ ಯಾವಾಗ ಬರ್ತಿ?”

“ಊರಾಗ ಅಂವ ಇರ್ಲಿ ಬಿಡು, ಆ ಚಕ್ರ ಬಂದಾಂವ. ಮಂದಿಗೆ ಅಂವ ಭಾಳ ಛಲೋ ಕಾಣ್ತಾನ. ನಾ ಇಲ್ಲೇ ಇರ್ತೀನಿ.”

ಅದಕ್ಕೆ ನನ್ನ ಬಳಿ ಉತ್ತರವಿತ್ತು. ಒಂದಲ್ಲ, ನಾಲ್ಕಿದ್ದವು. ಅಷ್ಟರಲ್ಲಿ ಅವನ ಹಿಂದೆ ಯಾರೋ ಹಾರ್ನ್ ಹೊಡೆದರು, ಬಂದೆ ಬಂದೆ ಅನ್ನುತ್ತ ಫೋನ್ ಇಟ್ಟ.