ಮೀನಿಗೆ ಕಡ್ಲೆಪುರಿ

ಖಟಕ್. ಒಂದು ಕ್ಷಣ ಕತ್ತಲೆ. ಮತ್ತೆ ಖಟಕ್, ಮತ್ತೆ ಬೆಳಕು. ನಡುವೆ ಒಳಗಿನ ಪುಟ್ಟ ಫ್ಯಾನಿನ ಗುಂಯ್ ಎನ್ನುವ ಸದ್ದು. ಸ್ಲೈಡ್ ಪ್ರೊಜೆಕ್ಟರ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ, ನೋಡದವರಿಗೆ ವಿವರಿಸಿ ಪ್ರಯೋಜನವಿಲ್ಲ. ಮೊನ್ನೆ ಎಲೆಕ್ಟ್ರಿಷಿಯನ್ ನಮ್ಮ ಹಾಲಿನ ಸ್ವಿಚ್ಚನ್ನು ಖಟಕ್ ಖಟಕ್ ಅಂತ ಒತ್ತಿ ನೋಡುತ್ತಿದ್ದಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಕೂತುಬಿಟ್ಟೆ. "ಏನಾಯ್ತು ಆಂಟಿ?" ಅಂದ. ಏನಂತ ಹೇಳಲಿ? ಐವತ್ತು ವರ್ಷದ ಹಿಂದಿನ ಒಂದು ಮೀನು ನೆನಪಾಯಿತಪ್ಪ ಅನ್ನಲೇ?

ಎಪ್ಪತ್ತರ ದಶಕದ ಮೊದಲ ವರ್ಷಗಳು. ತ್ಯಾಗರಾಜನಗರದ ಮನೆಗಳಲ್ಲಿ ಬೇಸಿಗೆ ಎಂದರೆ ತಾರಸಿಗೆ ಸೇರಿದ್ದು. ಹಳೇ ಸೀರೆಯ ಮೇಲೆ ಸಾಲುಸಾಲು ಸಂಡಿಗೆ, ಕಾಗೆ ಬೆದರಲೆಂದು ಬಿಚ್ಚಿಟ್ಟ ಕಪ್ಪು ಕೊಡೆ, ಕೊಡೆಯ ನೆರಳಲ್ಲಿ ಕಾವಲಿಗೆ ನಾನು. ಅರ್ಧ ಒಣಗಿದ ಸಂಡಿಗೆಯ ರುಚಿ ಗೊತ್ತಲ್ಲ? ಕಾಗೆಗಿಂತ ನಾನೇ ಹೆಚ್ಚು ತಿನ್ನುತ್ತಿದ್ದೆ. ಕೆಳಗೆ ಮಂಚದಡಿ ಹುಲ್ಲಿನಲ್ಲಿ ರಸಪುರಿ ಮಾವು ಹಣ್ಣಾಗುವ ವಾಸನೆ ಇಡೀ ಮನೆಗೆ.

ಅಪ್ಪನಿಗೆ ಊರೂರಿಗೆ ವರ್ಗವಾಗುತ್ತಿದ್ದರಿಂದ ನನ್ನನ್ನು ಅಜ್ಜಿಯ ಮನೆಯಲ್ಲಿಟ್ಟು ಕಾನ್ವೆಂಟಿಗೆ ಸೇರಿಸಿದ್ದರು. ತಾತ ತೀರಿಕೊಂಡಿದ್ದರು. ಮನೆಯಲ್ಲಿ ಅಜ್ಜಿ, ಬಿ.ಎಸ್ಸಿ. ಮುಗಿಸಿದ್ದ ಸರಸ ಚಿಕ್ಕಮ್ಮ, ಹತ್ತು ವರ್ಷದ ನಾನು, ಮೂರೇ ಜನ. ಅಜ್ಜಿ ಕನ್ನಡವನ್ನು ಸರಾಗವಾಗಿ ಓದುತ್ತಿದ್ದಳು, ಇಂಗ್ಲಿಷಿನ ಒಂದಕ್ಷರವೂ ಬಾರದು. ಪೆನ್ಷನ್ ಆಫೀಸಿನ ಕಾಗದ, ಟೆಲಿಗ್ರಾಂ, ಔಷಧಿ ಬಾಟಲಿಯ ಚೀಟಿ, ಎಲ್ಲವನ್ನೂ ಮೊದಲು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಇಂಗ್ಲಿಷ್ ಓದುವಾಗಲೂ ಅವಳು ಗಲ್ಲ ಎತ್ತಿ, ಸಂಗೀತ ಕೇಳುವವಳ ಹಾಗೆ ಕೇಳುತ್ತಿದ್ದಳು. ಚಿಕ್ಕಮ್ಮ ಪಕ್ಕದಲ್ಲೇ ಇದ್ದರೂ ಕರೆಯುತ್ತಿದ್ದುದು ನನ್ನನ್ನೇ.

"ಸರಸ ತನಗೆ ಬೇಕಾದ್ದು ಓದ್ತಾಳೆ. ನನ್ನ ಪುಟ್ಟಿ ಇದ್ದಿದ್ದು ಇದ್ದ ಹಾಗೆ ಓದ್ತಾಳೆ. ಕಾನ್ವೆಂಟಲ್ಲಿ ಸುಳ್ಳು ಹೇಳಿದ್ರೆ ಮಂಡಿ ಊರಿಸ್ತಾರೆ!"

ಆ ವರ್ಷ ಚಿಕ್ಕಮ್ಮನಿಗೆ ಒಂದು ಸಂಬಂಧ ಬಂತು. ಜಯನಗರ ನಾಲ್ಕನೇ ಟಿ ಬ್ಲಾಕಿನ ಪದ್ಮತ್ತೆ ಅಜ್ಜಿಗೆ ಭಜನೆಯಲ್ಲಿ ಪರಿಚಯ. ಅವರ ತಮ್ಮ ಮುರಳಿ ಕೆನಡಾದ ಉತ್ತರದ ತುದಿಯಲ್ಲೆಲ್ಲೋ ಸಣ್ಣ ವಿಮಾನಗಳ ಮೆಕ್ಯಾನಿಕ್. ಹಿಂದಿನ ಬೇಸಿಗೆಯಲ್ಲಿ ಅಕ್ಕನ ಮನೆಗೆ ಬಂದಿದ್ದಾಗ ಚಿಕ್ಕಮ್ಮನೊಡನೆ ಎರಡು ಮಾತಾಡಿದ್ದರಂತೆ. ಆ ಎರಡು ಮಾತು ಯಾವುವೋ, ಅದಾದ ಮೇಲೆ ಬಂದ ಎರಡು ಗಂಡುಗಳನ್ನು ಚಿಕ್ಕಮ್ಮ ಬೇಡವೆಂದಿದ್ದಳು. ಅವಳಿಗಾಗಲೇ ಇಪ್ಪತ್ತಾರು.

ಜಾತಕ ಕೂಡಿತು. ಅಜ್ಜಿಗೆ ಅಷ್ಟೇ ಸಾಲದು. "ಜಾತಕ ಜೋಯಿಸರು ನೋಡ್ಕೊಳ್ಲಿ. ರಜಾ ದಿನ ಏನ್ ಮಾಡ್ತಾನೆ ಅಂತ ಕೇಳಿ ಪದ್ಮ. ಕೆಲಸದ ದಿನ ಎಲ್ಲಾ ಗಂಡಸ್ರೂ ಒಳ್ಳೆಯವರೇ. ಅವನೇ ಬರೀಲಿ."

ಅವರೇ ಬರೆದರು. ನೀಲಿ ಏರೋಗ್ರಾಂ. ಮುರಳಿ ಜಮ್‌ಶೆಡ್‌ಪುರದಲ್ಲಿ ಬೆಳೆದವರು, ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಬಾರದು. ಹಾಗಾಗಿ ಕಾಗದ ಇಂಗ್ಲಿಷಿನಲ್ಲಿತ್ತು. ಅಂಚೆಯವನ ಕೈಯಿಂದ ಅದನ್ನು ಚಿಕ್ಕಮ್ಮ ಇಸಿದುಕೊಂಡು ನೇರ ತಾರಸಿಗೆ ಬಂದಳು.

"ಪುಟ್ಟಿ, ಅಮ್ಮಂಗೆ ಓದುವಾಗ ಈ ಒಂದು ಲೈನ್ ಬಿಟ್ಬಿಡೇ."

ಬೆರಳಿಟ್ಟ ಕಡೆ ನೋಡಿದೆ. ಬೇಸಿಗೆಯ ರಜೆಯಲ್ಲಿ ಗೆಳೆಯರೊಂದಿಗೆ 'ಫ್ಲೈ-ಇನ್ ಫಿಶಿಂಗ್'ಗೆ ಹೋಗುವೆ ಎಂದಿತ್ತು. ಫ್ಲೈ ಅಂದರೆ ನೊಣ.

"ನೊಣದ ಒಳಗೆ ಮೀನು ಹಿಡಿಯೋದಾ?"

ಚಿಕ್ಕಮ್ಮ ನಕ್ಕಳು, ಎಷ್ಟೆಂದರೆ ಕಣ್ಣಲ್ಲಿ ನೀರು ಬಂತು. "ಕಾನ್ವೆಂಟ್ ಫೀಸ್ ದಂಡ! ಹಾರ್ಕೊಂಡ್ ಹೋಗೋದು ಕಣೇ. ಅಲ್ಲಿ ಕೆರೆಗಳಿಗೆ ರೋಡೇ ಇಲ್ಲವಂತೆ. ಪುಟ್ಟ ವಿಮಾನ ಸೀದಾ ನೀರ್ ಮೇಲೇ ಇಳಿಯತ್ತೆ, ಬಾತುಕೋಳಿ ಥರ."

"ಮೀನು ಹಿಡಿದು ಏನ್ ಮಾಡ್ತಾರೆ?"

ಅವಳು ಒಂದೊಂದೇ ಸಂಡಿಗೆಯನ್ನು ಮಗುಚಿ ಹಾಕಿದಳು. ಆಮೇಲೆ, "ಮುಚ್ಚಿಡಬಹುದಿತ್ತು. ಆದ್ರೂ ಬರೆದಿದ್ದಾರಲ್ಲ. ಅಂಥವರು ಸಿಗಲ್ಲ ಪುಟ್ಟಿ. ಮದುವೆ ಆಗ್ಲಿ, ನಾನೇ ಅಮ್ಮಂಗೆ ಹೇಳ್ತೀನಿ" ಅಂದಳು.

ಮುಚ್ಚಿಡದ ಗಂಡಸನ್ನು ಮೆಚ್ಚಿ, ಅವನ ಮಾತನ್ನೇ ಮುಚ್ಚಿಟ್ಟೆವು. ಆಗ ಅದರ ವಿಚಿತ್ರ ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಅಜ್ಜಿ ವರಾಂಡದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಓದುತ್ತಾ ಹೋದೆ. ಅಭ್ಯಾಸಬಲ ನೋಡಿ, ಬಿಡಬೇಕಾದ ಸಾಲು ಬಂದದ್ದೇ ತಿಳಿಯದೆ ಬಾಯಿ ಅದನ್ನೂ ಓದಿಬಿಟ್ಟಿತು.

"ಫಿಶ್ಶು ಅಂದ್ಯಲ್ಲ? ಮೀನಲ್ವೇನೇ ಅದು?"

"ಹೂಂ ಅಜ್ಜಿ."

"ಮೀನು ಏನಂತೆ?"

ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಅವಳ ಕೈ ಚೌಕಟ್ಟನ್ನು ಹಿಡಿದದ್ದು ಕಂಡಿತು. ಹಿಂದಿನ ವರ್ಷ ನಾವು ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಿದ್ದೆವು. ಅದೊಂದೇ ನನಗೆ ಗೊತ್ತಿದ್ದ ಮೀನಿನ ವ್ಯವಹಾರ.

"ರಜಾದಲ್ಲಿ ಏರೋಪ್ಲೇನಲ್ಲಿ ದೂರದ ಕೆರೆಗೆ ಹೋಗ್ತಾರಂತೆ ಅಜ್ಜಿ. ಮೀನಿಗೆ… ಪುರಿ ಹಾಕಕ್ಕೆ. ನಾವು ಶೃಂಗೇರೀಲಿ ಹಾಕಿದ್ವಲ್ಲ, ಹಾಗೆ."

ಅಜ್ಜಿಯ ಕೈ ನಿಂತಿತು. "ವಿಮಾನದಲ್ಲಿ? ಮೀನಿಗೆ ಪುರಿ ಹಾಕಕ್ಕೆ?" ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸರಸಾ, ಬರಹೇಳು ಆ ಹುಡುಗನ್ನ."

ಮೇ ತಿಂಗಳಲ್ಲಿ ಮುರಳಿ ಬಂದರು. ಉದ್ದನೆಯ ಮನುಷ್ಯ, ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು ಉಗುರಿನ ಅಂಚಲ್ಲಿ. ನನ್ನನ್ನು ನೋಡಿದ್ದೇ, "ನನ್ನ ಕಾಗದ ಓದಿದ ಇಂಗ್ಲಿಷ್ ಮೇಡಂ ನೀನೇನಾ?" ಅಂದರು. ನಾನು ಓಡಿಹೋದೆ. ಅಜ್ಜಿ ಉಪ್ಪಿಟ್ಟು, ಕೇಸರಿಬಾತು ಕೊಟ್ಟು, ಒಳಗಿಂದ ದೊಡ್ಡ ಪೊಟ್ಟಣವೊಂದನ್ನು ತಂದಳು. ನ್ಯೂಸ್‌ಪೇಪರಿನಲ್ಲಿ ಕಟ್ಟಿ ದಾರ ಸುತ್ತಿದ್ದ, ಗಾಂಧಿಬಜಾರಿನಿಂದ ತರಿಸಿದ ಗರಿಗರಿ ಕಡ್ಲೆಪುರಿ.

"ಇಕೋಪ್ಪಾ. ಇಲ್ಲೇ ಇಟ್ಟಿರ್ತೀನಿ, ನೀನು ಹೋಗೋ ದಿನ ಮರೀದೆ ತಗೊಂಡ್ಹೋಗು. ನಿಮ್ಮ ಕಡೆ ಸಿಗತ್ತೋ ಇಲ್ವೋ."

"ಥ್ಯಾಂಕ್ಸ್ ಅಮ್ಮ, ನಂಗೆ ಪುರಿ ಅಂದ್ರೆ ಪ್ರಾಣ."

"ನಿನಗಲ್ಲ ಕಣಪ್ಪಾ, ಮೀನಿಗೆ!"

ಅವರು ಜೋರಾಗಿ ನಕ್ಕರು. "ಆಗ್ಲಿ ಅಮ್ಮ, ಪುರಿಗೆ ಮೀನು ಬರತ್ತಾ ನೋಡ್ತೀನಿ." ಅವರು ಗಾಳಕ್ಕೆ ಸಿಕ್ಕಿಸುವ ಪುರಿ ಅಂದುಕೊಂಡಿದ್ದರು, ಅಜ್ಜಿ ಪುಣ್ಯದ ಪುರಿ ಅಂದುಕೊಂಡಿದ್ದಳು. ಇಬ್ಬರೂ ಸಂತೋಷವಾಗಿ ನಗುತ್ತಿದ್ದರು. ಅಡುಗೆಮನೆಯಲ್ಲಿ ಚಿಕ್ಕಮ್ಮ ಬೆವರು ಒರೆಸಿಕೊಂಡಳು.

ಹೊರಡುವಾಗ ಮುರಳಿ, ಅಲ್ಲಿಯ ಫೋಟೋಗಳ ಸ್ಲೈಡುಗಳನ್ನು ತಂದಿದ್ದೇನೆ, ಭಾವ ಕಾಲೇಜಿನಿಂದ ಪ್ರೊಜೆಕ್ಟರ್ ತರುತ್ತಾರೆ, ಭಾನುವಾರ ತೋರಿಸಲೇ ಅಂತ ಕೇಳಿದರು. ಅಜ್ಜಿ ಅಕ್ಕಪಕ್ಕದವರನ್ನೂ ಕರೆದಳು. ಚಿಕ್ಕಮ್ಮ ನನಗೆ ಪಿಸುಗುಟ್ಟಿದಳು: "ಬರೀ ಕೆರೆ, ವಿಮಾನ ತೋರಿಸ್ತಾರೆ ಬಿಡು. ವೆಜಿಟೇರಿಯನ್ ಮನೇಲಿ ಯಾರಾದ್ರೂ ಮೀನು ತೋರಿಸ್ತಾರಾ?" ಆದರೆ ಅವರ ಮಟ್ಟಿಗೆ ಮುಚ್ಚಿಡುವಂಥದ್ದೇನೂ ಇರಲಿಲ್ಲವಲ್ಲ. ಬರೆದು ತಿಳಿಸಿಯಾಗಿತ್ತು. ಹೂಂ ಅಂದು ಕರೆಸಿದ್ದೂ ಆಗಿತ್ತು.

ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಜಮಖಾನ ಹೊದಿಸಿ ಕತ್ತಲೆ ಮಾಡಿದೆವು. ಪರದೆ ಬೇಕಿತ್ತು. ತಾತ ಪೂಜೆಗೆ ಉಡುತ್ತಿದ್ದ ಬಿಳಿ ಮಡಿಪಂಚೆಯನ್ನು ಅಜ್ಜಿಯೇ ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ನೆರೆಯ ಹೆಂಗಸರು ಏಳೆಂಟು ಜನ, ಪದ್ಮತ್ತೆ, ಅವರ ಯಜಮಾನರು. ಎಲ್ಲರ ಕೈಯಲ್ಲಿ ಬೆಲ್ಲದ ಪಾನಕ.

ಖಟಕ್. ಪಂಚೆಯ ಮೇಲೆ ಹಳದಿ ವಿಮಾನ, ಚಕ್ರದ ಜಾಗದಲ್ಲಿ ಎರಡು ದೋಣಿ. ಖಟಕ್. ಕೆರೆ. ಅಯ್ಯೋ, ಆ ಕೆರೆ! ನಾನು ಕಂಡ ಕೆರೆಯೆಂದರೆ ಕೋಣನಕುಂಟೆಯ ಹತ್ತಿರ ಬಸ್ಸಿನಿಂದ ಕಾಣುತ್ತಿದ್ದದ್ದು, ಎಮ್ಮೆ ಮಲಗಿದರೆ ಅರ್ಧ ತುಂಬುವಂಥದ್ದು. ಇದಕ್ಕೆ ಆಚೆ ದಡವೇ ಇಲ್ಲ. ಸುತ್ತ ಈಟಿಗಳಂಥ ಕಪ್ಪು ಮರಗಳು.

"ಒಂದು ಮನೇನೂ ಕಾಣ್ಸಲ್ವಲ್ಲಪ್ಪ?" ಅಜ್ಜಿ ಕೇಳಿದಳು.

"ಒಂದು ಮರದ ಗುಡಿಸಲು ಬಿಟ್ರೆ ಏನಿಲ್ಲಮ್ಮ. ವಿಮಾನ ನಮ್ಮನ್ನ ಇಳಿಸಿ ಹೋಗಿಬಿಡತ್ತೆ. ಮತ್ತೆ ಬರೋದು ಐದು ದಿನ ಬಿಟ್ಟು."

"ಮಳೆ ಹಿಡಿದ್ರೆ?"

"ಕಾಯೋದು. ಸೊಳ್ಳೆ ಹೊಡೀತಾ ಕಾಯೋದು."

ಎಲ್ಲರೂ ನಕ್ಕರು. ಅಜ್ಜಿ ಮುಂದಕ್ಕೆ ಬಾಗಿದಳು. "ಮೀನೆಲ್ಲಪ್ಪಾ? ಮೀನು ತೋರಿಸು."

"ಬಂತಮ್ಮಾ."

ಖಟಕ್.

ಮುರಳಿ ಎರಡೂ ಕೈಯಲ್ಲಿ ಮೀನನ್ನು ಎತ್ತಿ ಹಿಡಿದು ನಿಂತಿದ್ದರು. ನನ್ನಷ್ಟು ಉದ್ದದ ಮೀನು. ತೆರೆದ ಬಾಯಲ್ಲಿ ಸೂಜಿಯಂಥ ಹಲ್ಲುಗಳು, ತುಟಿಯಿಂದ ಇಳಿದ ರಕ್ತ. ಟೇಬಲ್ ಫ್ಯಾನಿನ ಗಾಳಿಗೆ ಪಂಚೆ ಅಲ್ಲಾಡುತ್ತಿತ್ತು. ಅದರೊಂದಿಗೆ ಮೀನಿನ ಹೊಟ್ಟೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಸತ್ತ ಮೀನು ನಮ್ಮ ಹಾಲಿನಲ್ಲಿ ಉಸಿರಾಡುತ್ತಿತ್ತು.

ಖಟಕ್. ಚಪ್ಪಟೆ ಬಂಡೆ, ಚಾಕು, ಸೀಳಿದ ಹೊಟ್ಟೆ. ಖಟಕ್. ಕಲ್ಲಿನ ಒಲೆ, ಕಪ್ಪು ಬಾಣಲಿ, ಬಾಯಿಯ ಹತ್ತಿರ ತುಂಡು ಹಿಡಿದು ನಗುತ್ತಿರುವ ಮುರಳಿ.

ಯಾರದೋ ಪಾನಕದ ಲೋಟ ನೆಲಕ್ಕೆ ಬಿದ್ದು ಉರುಳುತ್ತಾ ಹೋಯಿತು.

"ಅದನ್ನ… ನೀವು ತಿಂದ್ರಾ?" ಅಷ್ಟು ದಿನ 'ನೀನು' ಅನ್ನುತ್ತಿದ್ದ ಅಜ್ಜಿ 'ನೀವು' ಅಂದಳು.

ಮುರಳಿ ಸುಳ್ಳು ಹೇಳಬಹುದಿತ್ತು. ಗೆಳೆಯರು ತಿಂದರು ಅನ್ನಬಹುದಿತ್ತು. "ಹೌದಮ್ಮ," ಅಂದರು ಗಾಬರಿಯಾಗಿ. "ಮೀನು ಹಿಡೀತೀವಿ ಅಂತ ಕಾಗದದಲ್ಲಿ ಬರೆದಿದ್ನಲ್ಲ?"

ಅಜ್ಜಿಯ ಮುಖ ನಿಧಾನವಾಗಿ ತಿರುಗಿತು. ಅವರ ಕಡೆಗಲ್ಲ, ನನ್ನ ಕಡೆಗೆ. ಆ ಅರೆಗತ್ತಲಲ್ಲೂ ಆ ನೋಟ ಕಂಡಿತು. ಬೈಗುಳವಿರಲಿಲ್ಲ ಅದರಲ್ಲಿ. ಗುರುತು ಹಿಡಿಯಲು ಹೆಣಗುವವರ ನೋಟ. ಈ ಮಗು ಯಾರದು ಅನ್ನುವ ಹಾಗೆ.

ಎಲ್ಲರೂ ಹೋದ ಮೇಲೆ ಅಜ್ಜಿ ಪಂಚೆ ಬಿಚ್ಚಿ ಬಕೆಟ್ಟಿನಲ್ಲಿ ನೆನೆಹಾಕಿದಳು.

"ಅದಕ್ಕೇನೂ ಅಂಟಿಲ್ಲ ಅಜ್ಜಿ, ಬರೀ ಬೆಳಕು," ಅಂದೆ.

"ಗೊತ್ತು," ಅಂದು ಒಗೆದಳು.

ಸಂಜೆ ದೀಪ ಹಚ್ಚಿದ ಮೇಲೆ ನಮ್ಮಿಬ್ಬರನ್ನೂ ಕರೆದು ಕೂರಿಸಿದಳು. "ಮೀನು ತಿಂದಿದ್ದು ಅವನ ಬಾಯಿ. ಹಿಡಿಯೋದನ್ನ ಬರೆದು ತಿಳಿಸಿದ್ದಾನೆ, ಪಾಪ. ನೀವು ನಿಜ ಹೇಳಿದ್ರೆ ಬೈತಿದ್ದೆ. ಎರಡು ದಿನ ಊಟ ಬಿಡ್ತಿದ್ದೆ. ಆಮೇಲೆ ಒಪ್ತಿದ್ದೆನೋ ಏನೋ, ಯಾರಿಗ್ಗೊತ್ತು? ನನ್ನನ್ನ ಕೇಳಲೇ ಇಲ್ವಲ್ರೇ ನೀವು."

"ಈಗ ಕೇಳ್ತೀನಮ್ಮ," ಅಂದಳು ಚಿಕ್ಕಮ್ಮ.

"ಈಗ ನೀನು ಏನ್ ಹೇಳಿದ್ರೂ ಇದರಲ್ಲಿ ಯಾವ ಲೈನ್ ಬಿಟ್ಟಿದ್ದೀಯೋ ಅಂತ ನೋಡ್ಬೇಕಾಗತ್ತೆ ಸರಸ. ಹಾಗೆ ಮಗಳನ್ನ ಕಳಿಸಿಕೊಡಕ್ಕೆ ನನ್ನ ಕೈಲಾಗಲ್ಲ."

ಮಾರನೇ ದಿನ ಪದ್ಮತ್ತೆಗೆ ಹೇಳಿ ಕಳಿಸಿಯಾಯಿತು.

ನನಗೆ ಹೊಡೆಯಲಿಲ್ಲ, ಮಂಡಿ ಊರಿಸಲಿಲ್ಲ. ಜೂನಿನಲ್ಲಿ ಪೆನ್ಷನ್ ಆಫೀಸಿನ ಕಾಗದ ಬಂದಾಗ ನಾನು ಎಂದಿನಂತೆ ಓಡಿಬಂದು ಪಕ್ಕದಲ್ಲಿ ಕೂತೆ. ಅಜ್ಜಿ ಕಾಗದ ಹಿಡಿದುಕೊಂಡು ಗೇಟಿಗೆ ಹೋದಳು. "ಸ್ವಲ್ಪ ಓದಿ ಹೇಳ್ತೀರೇನಪ್ಪಾ?" ಅಂತ ಅಂಚೆಯವನನ್ನು ಕೇಳಿದಳು. ಅವಳು ಇರುವ ತನಕ ಹಾಗೇ ನಡೆಯಿತು. ಎಂ.ಎ. ಇಂಗ್ಲಿಷ್ ಮಾಡಿದೆ, ರ‍್ಯಾಂಕ್ ಬಂತು. ನನ್ನ ರಿಸಲ್ಟಿನ ಕಾಗದವನ್ನೂ ಅವಳು ಅಂಚೆಯವನ ಬಾಯಲ್ಲೇ ಕೇಳಿದಳು.

ಚಿಕ್ಕಮ್ಮ ಬ್ಯಾಂಕು ಸೇರಿದಳು, ಮೂವತ್ತೆರಡಕ್ಕೆ ಮದುವೆಯಾದಳು, ಚೆನ್ನಾಗಿಯೇ ಬಾಳಿದಳು. ಸಾಯುವ ತನಕ ಒಂದು ದಿನವೂ ನನ್ನನ್ನು ದೂರಲಿಲ್ಲ. ಯಾವ ಊರಲ್ಲಿ ಯಾವ ಕೆರೆ ಕಂಡರೂ ಮುಖ ತಿರುಗಿಸುತ್ತಿದ್ದಳು, ಅಷ್ಟೇ. ತ್ಯಾಗರಾಜನಗರದ ಆ ಮನೆಯ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ. ನನ್ನ ಮೊಮ್ಮಗಳ ಫೋನು ಯಾವ ಭಾಷೆಯ ಕಾಗದವನ್ನಾದರೂ ಕ್ಷಣದಲ್ಲಿ ಕನ್ನಡ ಮಾಡುತ್ತದೆ, ಒಂದು ಸಾಲೂ ಬಿಡುವುದಿಲ್ಲ. ಆದರೆ ಹುಣಸೆಹಣ್ಣಿನ ಕೈಯನ್ನು ಹಾಗೇ ಎತ್ತಿ ಹಿಡಿದು, ಗಲ್ಲ ಮೇಲೆ ಮಾಡಿ, ನಾನು ಹೇಳಿದ್ದೆಲ್ಲ ನಿಜವೆಂದು ಕೇಳುತ್ತಾ ಕೂತವರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಗಂಡನಲ್ಲಿ ಕಾಣಲಿಲ್ಲ, ಮಕ್ಕಳಲ್ಲೂ ಕಾಣಲಿಲ್ಲ.

ಮುರಳಿಯವರನ್ನು ಕೊನೆಯ ಸಲ ನೋಡಿದ್ದು ಅದೇ ಬೇಸಿಗೆಯಲ್ಲಿ, ಅವರು ಹೊರಡುವ ದಿನದ ಬೆಳಿಗ್ಗೆ. ಅಜ್ಜಿ ದೇವರಮನೆಯಲ್ಲಿದ್ದಳು, ಚಿಕ್ಕಮ್ಮ ತಾರಸಿಯಲ್ಲಿ. ಗೇಟಿನ ಹೊರಗೇ ನಿಂತು ಕರೆದರು.

"ಇಂಗ್ಲಿಷ್ ಮೇಡಂ, ಆ ಪುರಿ ಪೊಟ್ಟಣ ಇದೆಯಾ?"

ನಾನು ತಲೆಯಾಡಿಸಿದೆ.

"ಕೊಡು. ಮೀನಿಗೆ ಅಂತ ಕೊಟ್ಟಿದ್ದಲ್ವಾ ನಿಮ್ಮಜ್ಜಿ. ಹಾಕ್ತೀನಿ."

ತಂದುಕೊಟ್ಟೆ. ಸಾರಿ ಅನ್ನುವ ಪದ ದಿನಕ್ಕೆ ಹತ್ತು ಸಲ ಹೇಳಿಸುವ ಸ್ಕೂಲಿನಲ್ಲಿ ಓದಿದವಳು ನಾನು. ಅದು ಬಾಯಿಗೆ ಬರಲಿಲ್ಲ. ಅವರು ಒಮ್ಮೆ ತಲೆಯೆತ್ತಿ ತಾರಸಿಯ ಕಪ್ಪು ಕೊಡೆಯ ಕಡೆ ನೋಡಿದರು, ಪೊಟ್ಟಣವನ್ನು ಕಂಕುಳಲ್ಲಿಟ್ಟು ನಡೆದರು. ಇಲಿಯೋ ಇರುವೆಯೋ ಪೇಪರಿನ ಮೂಲೆ ಕಡಿದಿತ್ತು. ಹೆಜ್ಜೆಗೆ ಎರಡು ಮೂರರಂತೆ ಪುರಿ ರಸ್ತೆಗೆ ಬೀಳುತ್ತಿತ್ತು. ಕೂಗಿ ಹೇಳಬಹುದಿತ್ತು, ಇನ್ನೂ ಹತ್ತಿರದಲ್ಲೇ ಇದ್ದರು. ಹೇಳಲಿಲ್ಲ. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಗೇಟಿನ ಸರಳು ಹಿಡಿದು ನೋಡುತ್ತಾ ನಿಂತಿದ್ದೆ.