ಗೌರಿ ಕುಡಿದ ನೀರು

ಅಥವಾ ಇದ್ದಿಲಿನ ಮೂಟೆ ಎರಡಿದ್ದವೇನೋ. ನೆನಪಿನಲ್ಲಿರುವುದು ಎಡ ಹೆಗಲ ಮೇಲಿನ ಒಂದೇ ಮೂಟೆ; ಆದರೆ ಮಾಲೂರಿನ ಇಟ್ಟಿಗೆ ಗೂಡಿನಿಂದ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಎರಡು ಹೆಗಲೂ ಕಪ್ಪಾಗಿದ್ದವು ಎಂದೂ ನೆನಪು ಹೇಳುತ್ತದೆ. ವರ್ಷ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ. ಮಾವು ಹೂ ಬಿಟ್ಟಿತ್ತು.

ಬೆಳಗಿನ ರೈಲಿಗೆ ಬೆಂಗಳೂರು ಬಿಟ್ಟು ಮಾಲೂರಿನಲ್ಲಿ ಇಳಿದದ್ದು ಇದ್ದಿಲಿಗಾಗಿ. ಶ್ರೀನಿವಾಸಪುರದ ಆಚೆಯ ಹಳ್ಳಿಯಲ್ಲಿದ್ದ ನನ್ನಕ್ಕ ನಂಜಮ್ಮನ ಬಾವಿ ಕೆಟ್ಟಿತ್ತು. ಪಕ್ಕದ ಶೆಡ್ಡಿನವರು ರೇಷ್ಮೆಗೂಡು ಬೇಯಿಸಿದ ನೀರನ್ನು ಹೊರಗೆ ಚೆಲ್ಲಿ ಚೆಲ್ಲಿ, ಅದು ಇಂಗಿ, ಬಾವಿ ನಾರುತ್ತಿತ್ತು. ಹಸು ಗೌರಿ ಕೂಡ ಮೂಸಿ ಮುಖ ತಿರುಗಿಸುತ್ತಿತ್ತು. ಸೋಮವಾರ ಮಣ್ಣು ತುಂಬಿಸಿ ಮುಚ್ಚಿಬಿಡುವುದೆಂದು ಭಾವ ತೀರ್ಮಾನಿಸಿದ್ದರು. ಅದು ನಮ್ಮಪ್ಪ ಅಕ್ಕನಿಗೆಂದು ತೋಡಿಸಿಕೊಟ್ಟ ಬಾವಿ. ಇದ್ದಿಲು ನೀರಿನ ಕೊಳೆ ಹೀರುತ್ತದೆ, ಮಣ್ಣಿಗೆ ಬೆರೆಸಿದರೆ ಅಲ್ಲೂ ಹಿಡಿದಿಟ್ಟುಕೊಳ್ಳುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಮಾಡಿ ನೋಡಿರಲಿಲ್ಲ.

ಕೋಲಾರದಲ್ಲಿ ಬಸ್ಸು ಬದಲಿಸಿದೆ. ಕಂಡಕ್ಟರ್ ಮೂಟೆಯನ್ನು ಕಾಲಿನಿಂದ ತಳ್ಳಿ ನೋಡಿದ.

"ಏಮಯ್ಯಾ, ಊರಲ್ಲಿ ಸೌದೆ ಸಿಗಲ್ವಾ? ಇದ್ದಿಲು ಹೊತ್ಕೊಂಡು ಹೋಗ್ತೀರಲ್ಲ."

"ನೀರು ಶುದ್ಧ ಮಾಡೋಕೆ."

"ಮೊದ್ಲು ನಿಮ್ಮ ಷರ್ಟು ಶುದ್ಧ ಮಾಡ್ಕೊಳ್ಳಿ ಸಾರ್" ಎಂದು ಮೂಟೆಗೂ ಟಿಕೆಟ್ ಹರಿದ.

ಊರು ಸೇರಿದ್ದು ಭಾನುವಾರ ಮಧ್ಯಾಹ್ನ. ಮುದ್ದೆ, ಹುರುಳಿಕಾಳು ಸಾರು ಉಂಡು ಕೆಲಸಕ್ಕೆ ಕೂತೆವು. ಹಳೆಯ ಬಾನಿಯ ತಳಕ್ಕೆ ತೂತು ಹೊಡೆದು ಜಲ್ಲಿ, ಮರಳು ತುಂಬಿದೆ. ಅದರ ಮೇಲೆ ಹಾಕುವ ಇದ್ದಿಲನ್ನು ಕುಟ್ಟಿ, ತೊಳೆಯಲು ಅಡುಗೆಮನೆಯ ಹಿತ್ತಾಳೆ ಬಿಂದಿಗೆಗೆ ಕೈ ಹಾಕಿದೆ.

"ಲೇ, ಬಿಡೋ ಅದನ್ನ" ಎಂದಳು ಅಕ್ಕ. "ಅಷ್ಟು ದೂರದಿಂದ ಹೊತ್ತು ತಂದಿರೋ ಕುಡಿಯೋ ನೀರು ಕಣೋ. ಮಸಿ ತೊಳೆಯೋಕೆ ಬಾವಿ ನೀರು ಸಾಲ್ದಾ?"

ಬಾವಿ ನೀರಿನಲ್ಲೇ ತೊಳೆದಳು, ಒಂದಲ್ಲ ನಾಲ್ಕು ಸಲ. ಇದ್ದಿಲು ಕೆಲಸಕ್ಕೆ ಮೊದಲೇ ಹೊಟ್ಟೆ ತುಂಬ ಕೊಳೆ ಕುಡಿದಿತ್ತು. ನಾನು ತಡೆಯಲಿಲ್ಲ, ಆಗ ನನಗೆ ಅದು ಹೊಳೆದಿತ್ತೋ ಇಲ್ಲವೋ ಈಗ ಹೇಳಲಾರೆ. ಸಂಜೆ ಬಾನಿಯಿಂದ ತೊಟ್ಟಿಕ್ಕಿದ ನೀರು ತಿಳಿಯಾಗಿತ್ತು, ವಾಸನೆ ಹೋಗಿರಲಿಲ್ಲ. ಗೌರಿ ಮುಟ್ಟಲಿಲ್ಲ. ಉಳಿದ ಇದ್ದಿಲನ್ನು ಗೊಬ್ಬರದೊಂದಿಗೆ ಬಾವಿ ಸುತ್ತಲ ಜೌಗು ಮಣ್ಣಿಗೆ ಬೆರೆಸಿದೆ. ಅಕ್ಕ ಬಿಂದಿಗೆ ಎತ್ತಿಕೊಂಡು ದೂರ ಹೋಗಿ ಕುಡಿಯುವ ನೀರು ತುಂಬಿಸಿ ತಂದಳು.

ಸೋಮವಾರ ಬೆಳಿಗ್ಗೆ ಮಣ್ಣಿನ ಗಾಡಿ ಬಂದು ನಿಂತಿತು. ಅಕ್ಕ ಬಾನಿಯ ಕಡೆಯಿಂದ ಬಕೆಟ್ ತಂದು ಗೌರಿಯ ಮುಂದಿಟ್ಟಳು. ಹಸು ಮೂಸಿ, ತಲೆ ಎತ್ತದೆ ಅಷ್ಟನ್ನೂ ಕುಡಿಯಿತು.

ಭಾವ ಖಾಲಿ ಬಕೆಟ್ ನೋಡಿ ಅಕ್ಕನ ಕಡೆ ತಿರುಗಿದರು. "ಏನಮ್ಮಿ, ನಿನ್ನೆ ಬೇಡ ಅಂದಿದ್ದು ಇವತ್ತು ಹಸೂಗೆ ಬೇಕಾಯ್ತಾ?"

"ಅದನ್ನೇ ಕೇಳಿ" ಎಂದಳು ಅಕ್ಕ.

ಅವರು ಗಾಡಿಯನ್ನು ವಾಪಸ್ ಕಳಿಸಿದರು.

ಹೊರಡಲೆಂದು ನನ್ನ ಚೀಲ ತರಲು ಒಳಗೆ ಹೋದಾಗ ಹಿತ್ತಾಳೆ ಬಿಂದಿಗೆ ಖಾಲಿಯಾಗಿ ಬೋರಲು ಬಿದ್ದಿತ್ತು. ಹಾಗೆಂದು ನನ್ನ ನೆನಪು. ಬಸ್ಸು ತಿರುಗುವಾಗ ಹಿಂದೆ ನೋಡಿದೆ: ಬಾವಿಯ ಸುತ್ತ ಕಪ್ಪು ಮಣ್ಣು, ಕಟ್ಟೆಯ ಮೇಲೆ ಅಕ್ಕ.

ಬಾವಿ ಉಳಿಯಿತು. ಕೆಲವು ವರ್ಷಗಳಲ್ಲಿ ಶೆಡ್ ಮುಚ್ಚಿತು, ನೀರೂ ತಿಳಿಯಾಯಿತು. ನಾನು ಬೆರೆಸಿದ ಇದ್ದಿಲು ಏನಾದರೂ ಮಾಡಿತೇ, ಗೊತ್ತಿಲ್ಲ. ಆ ಬೆಳಿಗ್ಗೆ ಬಕೆಟ್ಟಿನಲ್ಲಿದ್ದದ್ದು ಯಾವ ನೀರು ಎಂದು ಅಕ್ಕನನ್ನು ನಾನು ಕೇಳಲಿಲ್ಲ.