ಬಚ್ಚಲುಮನೆಯ ಮಖಮಲ್ಲು

ಮಹಡಿಯ ಮೇಲಿನ ಟೈಲರನ್ನು ಬೀದಿಯವರೆಲ್ಲ ‘ಎಲೆ ಟೈಲರು’ ಎಂದೇ ಕರೆಯುತ್ತಾರೆ. ಏಕೆಂದರೆ ಗಿರಾಕಿ ಅಂಗಿಯ ಅಳತೆ ಕೊಡಲು ನಿಂತರೂ ಅವರ ಬಾಯಲ್ಲಿ ಬರುವುದು ತಮ್ಮ ಆಂಥೂರಿಯಂ ಗಿಡದ ಎಲೆಯ ಅಳತೆಯೇ. ಮಳೆಕಾಡಿನ ಆ ಅಪರೂಪದ ಗಿಡದ ಎಲೆ ಕಡುಹಸಿರು ಮಖಮಲ್ಲು, ನರಗಳು ಬೆಳ್ಳಿಯ ಜರಿ. ಹೂವಿನ ಗೊಡವೆ ಅದಕ್ಕೂ ಇಲ್ಲ, ಅವರಿಗೂ ಇಲ್ಲ. ಒಣಗಾಳಿಗೆ ಹಿಂದಿನ ಎರಡು ಎಲೆಗಳು ಸುರುಳಿ ಬಿಚ್ಚುವಾಗಲೇ ಹರಿದುಹೋದ ಮೇಲೆ ಟೈಲರು ಗಿಡವನ್ನು ಬಚ್ಚಲುಮನೆಯ ಕಿಟಕಿಗೆ ಏರಿಸಿದರು. ಮನೆಮಂದಿಯೆಲ್ಲ ಬಾಗಿಲು ಬಿಗಿಯಾಗಿ ಮುಚ್ಚಿ, ಹಬೆಯಾಡುವ ಬಿಸಿನೀರಿನಲ್ಲೇ ಮೀಯಬೇಕೆಂದು ಕಟ್ಟಪ್ಪಣೆ ಮಾಡಿದರು. “ಸ್ನಾನ ನಮಗೋ, ನಿಮ್ಮ ಗಿಡಕ್ಕೋ?” ಎಂದು ಹೆಂಡತಿ ಕೇಳಿದರೆ, “ನಿನಗೇ ಕಣೇ, ಆದ್ರೆ ಇನ್ನೆರಡು ಚೊಂಬು ಜಾಸ್ತಿ ಹುಯ್ಕೋ” ಎನ್ನುತ್ತಾರೆ. ಮೂರನೆಯ ಎಲೆ ಬಿಚ್ಚತೊಡಗಿದ ವಾರವಂತೂ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ಅಂಗಿಗೆ ಎರಡೂ ಕಡೆ ಎಡತೋಳನ್ನೇ ಕೂಡಿಸಿದರು, ಜಗಳಕ್ಕೆ ಬಂದ ಗಿರಾಕಿಯನ್ನೂ ಎಳೆದೊಯ್ದು ಬಚ್ಚಲು ತೋರಿಸಿದರು. ನಿನ್ನೆ ಬೆಳಿಗ್ಗೆ ಎಲೆ ಪೂರ್ತಿ ಬಿಚ್ಚಿಕೊಂಡಿತು. ಟೈಲರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ನಂಬಿಕೆ ಬರಲಿಲ್ಲ. ಕೊನೆಗೆ, ತಮಗೆ ಹೊಲಿಗೆ ಕಲಿಸಿದ, ಈಗ ಕಣ್ಣು ಕಾಣದ ಅಕ್ಕನನ್ನು ಕೈಹಿಡಿದು ಕರೆತಂದು, ಆಕೆಯ ಬೆರಳನ್ನು ಎಲೆಯ ಅಂಚಿಗೆ ಮುಟ್ಟಿಸಿದರು. ಅಕ್ಕ ತುದಿಯಿಂದ ತೊಟ್ಟಿನವರೆಗೆ ನಿಧಾನವಾಗಿ ಸವರಿ, “ಎಲ್ಲೂ ಹರಿದಿಲ್ಲ ಕಣೋ, ಚೆನ್ನಾಗಿ ಬಂದಿದೆ” ಎಂದರು. ಅರವತ್ತು ದಾಟಿದ ಟೈಲರು ಅಲ್ಲೇ ಒದ್ದೆ ಕಟ್ಟೆಯ ಮೇಲೆ ಕೂತು, “ಇನ್ನೊಂದ್ಸಲ ನೋಡಿ ಹೇಳಕ್ಕ” ಎಂದರು.